ಚಳಿಯ ಮುಂಜಾನೆ ಸ್ಟಾರ್ಟ್ ಆಗದ ಹಳೆಯ ಕಾರು: ಇಂಧನ ಇಂಜೆಕ್ಷನ್ ದೋಷ ಪತ್ತೆ ಹೇಗೆ?

ರಾತ್ರಿಯಿಡೀ ಅಂಗಳದಲ್ಲಿ ನಿಂತ ಕಾರು ಬೆಳಿಗ್ಗೆ ಆರು ಗಂಟೆಗೆ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಒಂದೆರಡು ಬಾರಿ ಕೆಮ್ಮಿ ಸುಮ್ಮನಾಗುತ್ತದೆ. ಐದಾರು ಪ್ರಯತ್ನಗಳ ನಂತರ ಹೇಗೋ ಸ್ಟಾರ್ಟ್ ಆಗಿ, ಕೆಲವು ನಿಮಿಷ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್! 'ಗಾಡಿ ಚೆನ್ನಾಗೇ ಇದೆಯಲ್ಲ ಸಾರ್' ಎಂಬ ಮಾತು ಕೇಳಿಸಿಕೊಂಡು ಮಾಲೀಕರು ಮರಳುತ್ತಾರೆ. ಮರುದಿನ ಬೆಳಿಗ್ಗೆ ಅದೇ ಕಥೆ.

ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ಬಹಳಷ್ಟು ಕುಟುಂಬಗಳಿಗೆ ಈ ಅನುಭವ ಹೊಸದಲ್ಲ. ದೋಷ ಸಾಮಾನ್ಯವಾಗಿ ಚಿಕ್ಕದು. ಆದರೆ ಅದನ್ನು ಹುಡುಕುವ ಬದಲು ಊಹೆಯ ಮೇಲೆ ಬ್ಯಾಟರಿ, ಪ್ಲಗ್, ಪೆಟ್ರೋಲ್ ಪಂಪು, ಇಂಜೆಕ್ಟರ್ ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಖರ್ಚು ಬೆಳೆಯುತ್ತದೆ. ಕೊನೆಗೆ 'ಇನ್ನು ಈ ಗಾಡಿ ಪ್ರಯೋಜನವಿಲ್ಲ, ಮಾರಿಬಿಡಿ' ಎಂಬ ಸಲಹೆ ಬರುತ್ತದೆ. ಈ ದೋಷವನ್ನು ಕ್ರಮಬದ್ಧವಾಗಿ, ಕಡಿಮೆ ಖರ್ಚಿನಲ್ಲಿ ಪತ್ತೆ ಹಚ್ಚುವ ವಿಧಾನದ ವಿವರ ಇಲ್ಲಿದೆ.

ಯಾವ ಕಾರುಗಳಿಗೆ ಅನ್ವಯ?

ದೆಹಲಿಯ ವಾಯುಮಾಲಿನ್ಯ ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರ ಏಪ್ರಿಲ್‌ನಲ್ಲಿ ನೀಡಿದ ಆದೇಶ ಭಾರತದ ಕಾರುಗಳ ಸ್ವರೂಪವನ್ನೇ ಬದಲಿಸಿತು. ರಾಜಧಾನಿ ವಲಯದಲ್ಲಿ ಮೊದಲು ಯೂರೊ-1, ನಂತರ ಯೂರೊ-2 ಮಾನದಂಡ ಕಡ್ಡಾಯವಾದಾಗ, ಕಾರ್ಬ್ಯುರೇಟರ್ ನಂಬಿಕೊಂಡಿದ್ದ ಕಂಪನಿಗಳು ಎಂಪಿಎಫ್‌ಐಗೆ, ಅಂದರೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಇಂಜೆಕ್ಟರ್ ಇರುವ ವ್ಯವಸ್ಥೆಗೆ ಹೊರಳಿದವು. ಭಾರತ್ ಸ್ಟೇಜ್-2 ಮಾನದಂಡ 2003ರಲ್ಲಿ ಬೆಂಗಳೂರಿಗೂ 2005ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೂ ಅನ್ವಯವಾಯಿತು. ಮಾರುತಿ 800, ಆಲ್ಟೊ, ಝೆನ್, ವ್ಯಾಗನ್ ಆರ್, ಸ್ಯಾಂಟ್ರೊ ಮುಂತಾದ ಕಾರುಗಳ ಎಂಪಿಎಫ್‌ಐ ಮಾದರಿಗಳು ಈ ಕಾಲಘಟ್ಟದವು.

ಇವುಗಳಲ್ಲಿ ಹಲವು ಈಗಲೂ ನಮ್ಮ ರಸ್ತೆಗಳಲ್ಲಿವೆ. 15 ವರ್ಷಗಳ ನೋಂದಣಿ ಅವಧಿ ಮುಗಿದರೂ ಕ್ಷಮತೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ನವೀಕರಣಕ್ಕೆ ಅವಕಾಶವಿದೆ. ಈ ಲೇಖನ ಮುಖ್ಯವಾಗಿ ಇಂಥ ಕಾರುಗಳ ಕುರಿತದ್ದು. ಡೀಸೆಲ್ ಎಂಜಿನ್‌ನ ಸಮಸ್ಯೆಯೇ ಬೇರೆ. ಅದನ್ನು ಇಲ್ಲಿ ಪರಿಗಣಿಸಿಲ್ಲ.

ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಏಕೆ?

ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕೆಂಬುದು ಲೆಕ್ಕ. ಎಂಜಿನ್ ಬಿಸಿಯಾಗಿದ್ದಾಗ ಈ ಪ್ರಮಾಣ ಸಾಕು. ತಣ್ಣಗಿದ್ದಾಗ ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲ್‌ನ ದೊಡ್ಡ ಪಾಲು ಆವಿಯಾಗದೆ, ಗಾಳಿ ಒಳಹೋಗುವ ಕೊಳವೆಯ ಗೋಡೆಗೂ ವಾಲ್ವ್‌ನ ಹಿಂಬದಿಗೂ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಲುಪುವ ಆವಿ ಕಡಿಮೆಯಾಗಿ ಕಿಡಿ ಹತ್ತಿದರೂ ಬೆಂಕಿ ಹಿಡಿಯುವುದಿಲ್ಲ. ಈ ಕೊರತೆ ತುಂಬಲು ಹೆಚ್ಚುವರಿ ಪೆಟ್ರೋಲ್ ಬೇಕು.

ಕಾರ್ಬ್ಯುರೇಟರ್ ಕಾರುಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಚೋಕ್. ಎಂಪಿಎಫ್‌ಐ ಕಾರಿನಲ್ಲಿ ಚೋಕ್ ಇಲ್ಲ. ಎಂಜಿನ್‌ನ ನಿಯಂತ್ರಣ ಕಂಪ್ಯೂಟರ್, ಅಂದರೆ ಇಸಿಯು, ಕೂಲೆಂಟ್ ನೀರಿನ ತಾಪಮಾನವನ್ನು ಸೆನ್ಸರ್ ಮೂಲಕ ಓದಿ, ನೀರು ತಣ್ಣಗಿದ್ದಷ್ಟೂ ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಜೊತೆಗೆ ಐಡಲ್ ವಾಲ್ವ್ ಮೂಲಕ ಹೆಚ್ಚು ಗಾಳಿ ಬಿಟ್ಟು ಎಂಜಿನ್ ವೇಗವನ್ನು ಏರಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಸದ್ದು ಜೋರಾಗಿದ್ದು ನಿಧಾನವಾಗಿ ಇಳಿಯುವುದು ಇದೇ ಕಾರಣಕ್ಕೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ನಮ್ಮ ಚಳಿಯನ್ನು ದೂರುವಂತಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಇದೇ ಮಾದರಿಯ ಕಾರುಗಳು ಶಿಮ್ಲಾ, ಶ್ರೀನಗರಗಳಲ್ಲಿ ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲೂ ಸ್ಟಾರ್ಟ್ ಆಗುತ್ತವೆ. ಹೀಗಿರುವಾಗ ಮಡಿಕೇರಿ, ಚಿಕ್ಕಮಗಳೂರು ಅಥವಾ ಬೀದರಿನ ಡಿಸೆಂಬರ್ ಮುಂಜಾನೆ ಕಾರು ತಕರಾರು ಮಾಡಿದರೆ 'ಚಳಿ ಜಾಸ್ತಿ' ಎಂದು ಸಮಾಧಾನ ಪಟ್ಟುಕೊಳ್ಳುವುದು ಸರಿಯಲ್ಲ. ಎಲ್ಲೋ ದೋಷವಿದೆ, ಚಳಿ ಅದನ್ನು ತೋರಿಸುತ್ತಿದೆ ಅಷ್ಟೆ.

ಬಿಸಿಯಾದ ಮೇಲೆ ದೋಷ ಅಡಗುವುದೇಕೆ?

ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಭಾಗವಿದೆ. ಇಂಧನ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಅದು ಇಸಿಯುಗೆ ಕ್ಷಣಕ್ಷಣಕ್ಕೂ ತಿಳಿಸುತ್ತದೆ. ಆದರೆ ಸುಮಾರು 300 ಡಿಗ್ರಿಯಷ್ಟು ಬಿಸಿಯಾಗುವವರೆಗೆ ಅದು ಕೆಲಸ ಮಾಡುವುದಿಲ್ಲ. ಹೀಗಾಗಿ ಮೊದಲ ಕೆಲವು ನಿಮಿಷ ಇಸಿಯು ತಾನು ಮಾಡಿದ್ದು ಸರಿಯೇ ಎಂದು ಪರೀಕ್ಷಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ತಾಪಮಾನ ಸೆನ್ಸರ್ ಹೇಳಿದ್ದನ್ನೇ ನಂಬಿ ಪೆಟ್ರೋಲ್ ಹಾಕುತ್ತದೆ.

ಬಿಸಿಯಾದ ಬಳಿಕ ಆಕ್ಸಿಜನ್ ಸೆನ್ಸರ್ ಎಚ್ಚೆತ್ತು ಸಣ್ಣಪುಟ್ಟ ತಪ್ಪುಗಳನ್ನು ತಿದ್ದಿಬಿಡುತ್ತದೆ. ಆದ್ದರಿಂದಲೇ ಹತ್ತು ಗಂಟೆಗೆ ಗ್ಯಾರೇಜಿನಲ್ಲಿ ಕಾರು ಆರೋಗ್ಯವಾಗಿ ಕಾಣುತ್ತದೆ. ಇದರಿಂದ ಬರುವ ಮೊದಲ ನಿಯಮ: ಈ ದೋಷದ ಪರೀಕ್ಷೆಯನ್ನು ತಣ್ಣನೆಯ ಎಂಜಿನ್ ಮೇಲೆಯೇ ಮಾಡಬೇಕು. ದಿನಕ್ಕೆ ಸಿಗುವುದು ಒಂದೇ ಅವಕಾಶ. ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಮೆಕ್ಯಾನಿಕ್ ಎದುರಿಗೇ ಇರುವಂತೆ ಏರ್ಪಾಡು ಮಾಡಿಕೊಳ್ಳುವುದು ಉತ್ತಮ.

ಮೊದಲು ಲಕ್ಷಣ ಗುರುತಿಸಿ

ಯಾವ ಭಾಗವನ್ನೂ ಬಿಚ್ಚುವ ಮೊದಲು ಎರಡು ಮೂರು ದಿನ ಬೆಳಿಗ್ಗೆ ಏನಾಗುತ್ತದೆ ಎಂಬುದನ್ನು ಬರೆದಿಡಿ. ಲಕ್ಷಣಗಳೇ ಅರ್ಧ ದಾರಿ ತೋರಿಸುತ್ತವೆ.

* ಸೆಲ್ಫ್ ನಿಧಾನವಾಗಿ ತಿರುಗುತ್ತದೆ, ದೀಪ ಮಂಕಾಗುತ್ತದೆ: ಬ್ಯಾಟರಿ, ಟರ್ಮಿನಲ್ ಅಥವಾ ಅರ್ತ್ ತಂತಿ.
* ಕೀಲಿಯನ್ನು ಎರಡು ಮೂರು ಬಾರಿ ಆನ್-ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದರೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆ: ಇಂಧನದ ಒತ್ತಡ ರಾತ್ರಿ ಇಳಿದುಹೋಗಿ ಒಮ್ಮೆಲೇ ಏರುತ್ತಿಲ್ಲ.
* ಸ್ಟಾರ್ಟ್ ಆಗುತ್ತಿದ್ದಂತೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ: ಇಂಧನ ಹೆಚ್ಚಾಗಿದೆ. ಇಂಜೆಕ್ಟರ್ ಸೋರಿಕೆ ಅಥವಾ ಸೆನ್ಸರ್ ದೋಷ.
* ಕೆಮ್ಮುತ್ತದೆ, ಹೊಗೆಯಿಲ್ಲ, ಆಕ್ಸಿಲರೇಟರ್ ಒತ್ತಿದರೆ ಬಂದ್ ಆಗುತ್ತದೆ: ಇಂಧನ ಕಡಿಮೆಯಾಗಿದೆ.
* ಆಕ್ಸಿಲರೇಟರ್ ಸ್ವಲ್ಪ ಒತ್ತಿಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ: ಐಡಲ್ ವಾಲ್ವ್ ಅಥವಾ ಥ್ರಾಟಲ್‌ನಲ್ಲಿ ಮಸಿ.
* ಮಳೆಗಾಲದಲ್ಲಿ, ಮಂಜು ಬಿದ್ದ ದಿನ ಮಾತ್ರ ತೊಂದರೆ: ಕಿಡಿ ಒಯ್ಯುವ ಪ್ಲಗ್ ತಂತಿ ಅಥವಾ ಕಾಯಿಲ್‌ನಲ್ಲಿ ತೇವ.

ಬೆಳಗಿನ ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ತೆಳು ಬಿಳಿ ಆವಿ ಮತ್ತು ನೀರಿನ ಹನಿ ಸಹಜವಾದದ್ದು. ಅದಕ್ಕೆ ಹೆದರಬೇಕಾಗಿಲ್ಲ.

ಹಂತ 1: ಬ್ಯಾಟರಿ ಮತ್ತು ಅರ್ತ್

ಇಂಜೆಕ್ಷನ್ ದೋಷವೆಂದು ಗ್ಯಾರೇಜಿಗೆ ಬರುವ ಕಾರುಗಳಲ್ಲೂ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನೇ. ಪೂರ್ತಿ ಚಾರ್ಜ್ ಆಗಿ ರಾತ್ರಿ ವಿಶ್ರಾಂತಿ ಪಡೆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದರ್ಥ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು.

ವೋಲ್ಟೇಜ್ ಇಳಿದರೆ ಸೆಲ್ಫ್ ನಿಧಾನವಾಗುವುದಷ್ಟೇ ಅಲ್ಲ, ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಪಂಪು ದುರ್ಬಲವಾಗುತ್ತದೆ, ಕಿಡಿ ಸೊರಗುತ್ತದೆ. ಎಲ್ಲ ಲಕ್ಷಣಗಳೂ ಇಂಧನ ದೋಷದಂತೆಯೇ ಕಾಣುತ್ತವೆ. ಬ್ಯಾಟರಿ ಚೆನ್ನಾಗಿದ್ದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ತಂತಿಯ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಬಿಗಿಯಾಗಿ ಕೂರಿಸಿ. ಉಪ್ಪುಗಾಳಿಯ ಕರಾವಳಿಯಲ್ಲಿ ಈ ಒಂದು ಕೆಲಸದಿಂದಲೇ ಎಷ್ಟೋ ಕಾರುಗಳು ಸರಿಯಾಗುವುದುಂಟು.

ಹಂತ 2: ಇಂಧನದ ಒತ್ತಡ

ಕೀಲಿ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡ್ ತಿರುಗಿ ನಿಲ್ಲುತ್ತದೆ. ಹಿಂದಿನ ಸೀಟಿನ ಬಳಿ ಕಿವಿಯಿಟ್ಟರೆ ಸಣ್ಣ ಗುಂಯ್‌ಗುಟ್ಟುವ ಸದ್ದು ಕೇಳಬೇಕು. ಕೇಳದಿದ್ದರೆ ಪಂಪಿಗೆ ಮೊದಲು ಫ್ಯೂಸು, ರಿಲೇ, ಕನೆಕ್ಟರ್ ನೋಡಿ.

ಸದ್ದು ಇದೆಯೆಂದಾದರೆ ಒತ್ತಡ ಮಾಪಕ ಜೋಡಿಸಿ ಅಳೆಯಬೇಕು. ಇದು ಗ್ಯಾರೇಜಿನ ಕೆಲಸ. ಈ ಕಾಲದ ಬಹುಪಾಲು ಎಂಪಿಎಫ್‌ಐ ಕಾರುಗಳಲ್ಲಿ ಒತ್ತಡ 2.5ರಿಂದ 3.5 ಬಾರ್ ನಡುವೆ ಇರುತ್ತದೆ. ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಎಂಜಿನ್ ಆಫ್ ಮಾಡಿದ ನಂತರವೂ ಐದು ನಿಮಿಷವಾದರೂ ಒತ್ತಡದ ಬಹುಪಾಲು ಉಳಿಯಬೇಕು. ಕಣ್ಣೆದುರೇ ಮುಳ್ಳು ಇಳಿಯುತ್ತಿದ್ದರೆ ಸೋರಿಕೆ ಮೂರು ಕಡೆ ಇರಬಹುದು. ಪಂಪಿನೊಳಗೆ ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದು, ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಇನ್ನೊಂದು, ಇಂಜೆಕ್ಟರ್ ಮತ್ತೊಂದು. ರೆಗ್ಯುಲೇಟರ್ ಎಂಜಿನ್ ಬಳಿಯೇ ಇರುವ ಕಾರುಗಳಲ್ಲಿ ಅದಕ್ಕೆ ಜೋಡಿಸಿದ ಸಣ್ಣ ರಬ್ಬರ್ ನಳಿಗೆಯನ್ನು ಕಳಚಿ ನೋಡಿ. ಒಳಗೆ ಪೆಟ್ರೋಲ್ ತೇವವಿದ್ದರೆ ರೆಗ್ಯುಲೇಟರ್‌ನ ಪರದೆ ಹರಿದಿದೆ ಎಂದೇ ಅರ್ಥ.

ಗ್ಯಾಸ್ ಕಿಟ್ ಹಾಕಿಸಿದ ಕಾರುಗಳ ಮಾಲೀಕರು ಇಲ್ಲಿ ವಿಶೇಷ ಗಮನ ಹರಿಸಬೇಕು. ಎಲ್‌ಪಿಜಿ ಕಾರುಗಳಲ್ಲಿ ಹೆಚ್ಚಿನವು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. ಪೆಟ್ರೋಲ್ ಉಳಿಸಲು ಟ್ಯಾಂಕಿನಲ್ಲಿ ಎರಡು ಲೀಟರ್ ಮಾತ್ರ ಇಡುವ ರೂಢಿ ಹಲವರಲ್ಲಿದೆ. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲ್. ಅದು ಇಲ್ಲವಾದರೆ ಪಂಪಿನ ಆಯಸ್ಸು ಕಡಿಮೆಯಾಗುತ್ತದೆ; ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಹಳಸಿ ಇಂಜೆಕ್ಟರ್‌ನ ಬಾಯಿಗೆ ಅಂಟು ಕಟ್ಟುತ್ತದೆ.

ಹಂತ 3: ತಾಪಮಾನ ಸೆನ್ಸರ್

ಬೆಳಗಿನ ದೋಷಗಳಲ್ಲಿ ಇದರ ಪಾತ್ರ ದೊಡ್ಡದು, ಇದರ ಬೆಲೆ ಸಣ್ಣದು. ಆದರೂ ಇದನ್ನು ಕೊನೆಯಲ್ಲಿ ನೋಡುವವರೇ ಹೆಚ್ಚು. ಥರ್ಮೋಸ್ಟ್ಯಾಟ್ ಬಳಿ ಕೂಲೆಂಟ್ ನೀರಿನಲ್ಲಿ ಮುಳುಗಿರುವ ಈ ಸೆನ್ಸರ್‌ನ ರೋಧ ನೀರು ಬಿಸಿಯಾದಂತೆ ಇಳಿಯುತ್ತದೆ. ಬಹುಪಾಲು ಕಾರುಗಳಲ್ಲಿ ಅಂಕಿಗಳು ಹೆಚ್ಚೂಕಡಿಮೆ ಹೀಗಿರುತ್ತವೆ.

* 0 ಡಿಗ್ರಿ: 5,500ರಿಂದ 6,000 ಓಮ್
* 20 ಡಿಗ್ರಿ: 2,200ರಿಂದ 2,700 ಓಮ್
* 40 ಡಿಗ್ರಿ: 1,100ರಿಂದ 1,300 ಓಮ್
* 80 ಡಿಗ್ರಿ: 300 ಓಮ್ ಆಸುಪಾಸು

ಪರೀಕ್ಷೆ ಸುಲಭ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಸೆನ್ಸರ್‌ನ ಕನೆಕ್ಟರ್ ಕಳಚಿ, ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ರೋಧ ಅಳೆಯಿರಿ. ಹೊರಗಿನ ತಾಪಮಾನ 20 ಡಿಗ್ರಿ ಇರುವಾಗ ಮೀಟರ್ 400 ಓಮ್ ತೋರಿಸಿದರೆ, ಎಂಜಿನ್ ಆಗಲೇ ಬಿಸಿಯಾಗಿದೆ ಎಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತದೆ, ಎಂಜಿನ್ ಕೆಮ್ಮುತ್ತದೆ. ಅನುಮಾನವಿದ್ದರೆ ಸೆನ್ಸರ್ ಬಿಚ್ಚಿ, ಬಿಸಿ ನೀರಿನ ಲೋಟದಲ್ಲಿಟ್ಟು, ನೀರು ಆರುತ್ತಿದ್ದಂತೆ ರೋಧ ಒಂದೇ ಸಮನೆ ಏರುತ್ತದೆಯೇ ಎಂದು ನೋಡಬಹುದು.

ಸ್ಕ್ಯಾನರ್ ಸಿಗುವುದಾದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ತಾಪಮಾನ, ಒಳಹೋಗುವ ಗಾಳಿಯ ತಾಪಮಾನ ಎರಡೂ ಬಹುತೇಕ ಒಂದೇ ಇರಬೇಕು. ಹತ್ತಾರು ಡಿಗ್ರಿ ವ್ಯತ್ಯಾಸ ಕಂಡರೆ ಎರಡರಲ್ಲೊಂದು ಸೆನ್ಸರ್ ತಪ್ಪು ಹೇಳುತ್ತಿದೆ.

'ಎಚ್ಚರಿಕೆ ದೀಪ ಹತ್ತಿಲ್ಲ, ಆದ್ದರಿಂದ ಸೆನ್ಸರ್ ಸರಿಯಾಗಿದೆ' ಎಂಬ ವಾದ ಒಪ್ಪತಕ್ಕದ್ದಲ್ಲ. ತಂತಿ ಪೂರ್ತಿ ತುಂಡಾದರೆ ಅಥವಾ ಶಾರ್ಟ್ ಆದರೆ ಮಾತ್ರ ಇಸಿಯು ಗುರುತಿಸಿ ದೀಪ ಹತ್ತಿಸುತ್ತದೆ. ಪಿ0117, ಪಿ0118 ಎಂಬ ಸಂಕೇತಗಳು ಅದಕ್ಕಾಗಿಯೇ ಇವೆ. ಸೆನ್ಸರ್ ಹತ್ತಿಪ್ಪತ್ತು ಡಿಗ್ರಿ ತಪ್ಪು ಹೇಳಿದರೆ ಅಂಕಿ ಮಿತಿಯೊಳಗೇ ಇರುವುದರಿಂದ ಹಳೆಯ ಇಸಿಯುಗಳಿಗೆ ಅದು ದೋಷವೆಂದು ಗೊತ್ತಾಗುವುದೇ ಇಲ್ಲ. ಜೊತೆಗೆ, ಭಾರತದಲ್ಲಿ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಹಲವು ಕಾರುಗಳ ಇಸಿಯು ಜೊತೆ ಮಾರುಕಟ್ಟೆಯ ಅಗ್ಗದ ಸ್ಕ್ಯಾನರ್‌ಗಳು ಮಾತಾಡುವುದಿಲ್ಲ.

ಮತ್ತೊಂದು ಗೊಂದಲವಿದೆ. ಹಲವು ಕಾರುಗಳಲ್ಲಿ ತಾಪಮಾನದ ಸೆನ್ಸರ್ ಎರಡಿರುತ್ತವೆ. ಒಂದೇ ತಂತಿಯದು ಡ್ಯಾಶ್‌ಬೋರ್ಡ್‌ನ ಮುಳ್ಳಿಗೆ. ಎರಡು ತಂತಿಯದು ಇಸಿಯುಗೆ. ಡ್ಯಾಶ್‌ಬೋರ್ಡ್‌ನ ಮುಳ್ಳು ಸರಿಯಾಗಿದೆ ಎಂದ ಮಾತ್ರಕ್ಕೆ ಇಸಿಯುಗೆ ಹೋಗುವ ಮಾಹಿತಿ ಸರಿಯಾಗಿದೆ ಎಂದಲ್ಲ.

ಈ ವರದಿಗಾರನ ಮನೆಯ 2004ರ ಮಾದರಿಯ ಸಣ್ಣ ಕಾರಿನಲ್ಲಿ ಆದದ್ದೂ ಇದೇ. ತಂದೆಯನ್ನು ವಾರಕ್ಕೊಮ್ಮೆ ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆ ದಿನವೇ ಕಾರು ಕೈಕೊಡುತ್ತಿತ್ತು. ಎರಡು ತಿಂಗಳಲ್ಲಿ ಬ್ಯಾಟರಿ, ಪ್ಲಗ್‌ಗಳು ಮತ್ತು ಪೆಟ್ರೋಲ್ ಪಂಪು ಬದಲಾದವು. ದೋಷ ಹೋಗಲಿಲ್ಲ. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ರಾತ್ರಿ ಕಾರನ್ನು ತಮ್ಮಲ್ಲೇ ಇರಿಸಿಕೊಂಡು, ಬೆಳಿಗ್ಗೆ ಸೆನ್ಸರ್‌ನ ಕನೆಕ್ಟರ್ ಕಳಚಿ ತೋರಿಸಿದರು. ಪಿನ್‌ಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಸೋರಿದ ಕೂಲೆಂಟ್ ಒಳಗೆ ಇಳಿದಿತ್ತು. ಹೊಸ ಸೆನ್ಸರ್, ಹೊಸ ಕನೆಕ್ಟರ್ ಎರಡೂ ಸೇರಿ ಆದ ಖರ್ಚು ಪಂಪಿನ ಬೆಲೆಯ ಸಣ್ಣ ಭಾಗ. ಬದಲಿಸಿದ ಹಳೆಯ ಪಂಪು ಚೆನ್ನಾಗಿಯೇ ಇತ್ತು ಎಂಬುದು ಆಮೇಲೆ ತಿಳಿಯಿತು.

ಹಂತ 4: ಗಾಳಿಯ ದಾರಿ

ಐಡಲ್ ವಾಲ್ವ್ ಮತ್ತು ಥ್ರಾಟಲ್ ಬಾಡಿಯಲ್ಲಿ ವರ್ಷಗಟ್ಟಲೆ ಮಸಿ ಸೇರಿದರೆ ತಣ್ಣನೆಯ ಎಂಜಿನ್‌ಗೆ ಬೇಕಾದ ಹೆಚ್ಚುವರಿ ಗಾಳಿ ಸಿಗುವುದಿಲ್ಲ. ಥ್ರಾಟಲ್ ಬಾಡಿ ಕ್ಲೀನರ್ ಹಾಕಿ ಒರೆಸಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಕೆಲವು ಕಾರುಗಳಲ್ಲಿ ಶುಚಿಗೊಳಿಸಿದ ಬಳಿಕ ಇಸಿಯು ಹೊಸ ಐಡಲ್ ಸ್ಥಾನವನ್ನು ಕಲಿತುಕೊಳ್ಳಲು ಸ್ವಲ್ಪ ಸಮಯ ಬೇಕಾಗುತ್ತದೆ.

ಇನ್ನೊಂದು, ಗಾಳಿ ಕಳ್ಳದಾರಿಯಲ್ಲಿ ಒಳಹೋಗುವುದು. ಇಪ್ಪತ್ತು ವರ್ಷದ ರಬ್ಬರ್ ನಳಿಗೆಗಳು ಚಳಿಯಲ್ಲಿ ಬಿರುಸಾಗಿ ಬಿರುಕು ಬಿಡುತ್ತವೆ. ಬಿಸಿಯಾದಾಗ ಮೆತ್ತಗಾಗಿ ಮುಚ್ಚಿಕೊಳ್ಳುತ್ತವೆ. ಎಂಜಿನ್ ತಣ್ಣಗೆ ಓಡುತ್ತಿರುವಾಗ ಸುಯ್ಯೆಂಬ ಸದ್ದು ಕೇಳಿದರೆ ಆ ಜಾಗಕ್ಕೆ ಸೋಪಿನ ನೀರು ಹಚ್ಚಿ. ಸದ್ದು ಅಥವಾ ಎಂಜಿನ್ ವೇಗ ಬದಲಾದರೆ ಸೋರಿಕೆ ಅಲ್ಲೇ ಇದೆ.

ಹಂತ 5: ಕಿಡಿ ಮತ್ತು ಪ್ಲಗ್

ಸ್ಟಾರ್ಟ್ ಆಗದ ಬೆಳಿಗ್ಗೆಯೇ ಪ್ಲಗ್ ಬಿಚ್ಚಿ ನೋಡುವುದು ಉಪಯುಕ್ತ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ. ಕಪ್ಪು ಮಸಿ ಕಟ್ಟಿದ್ದರೆ ಬಹುದಿನದಿಂದ ಇಂಧನ ಹೆಚ್ಚಾಗಿ ಹೋಗುತ್ತಿದೆ. ಪ್ಲಗ್‌ನ ಅಂತರ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು.

ಮಲೆನಾಡಿನಲ್ಲಿ ತೇವದ ಜೊತೆ ಇಲಿಗಳ ಕಾಟವೂ ಸೇರುತ್ತದೆ. ಬೆಚ್ಚಗಿನ ಎಂಜಿನ್ ಮೇಲೆ ರಾತ್ರಿ ಕಳೆಯುವ ಇಲಿಗಳು ಇಂಜೆಕ್ಟರ್ ತಂತಿ, ಪ್ಲಗ್ ತಂತಿಗಳನ್ನು ಕಡಿದುಹಾಕುತ್ತವೆ. ಕತ್ತಲಲ್ಲಿ ಬಾನೆಟ್ ತೆರೆದು ಸೆಲ್ಫ್ ಹೊಡೆಸಿದಾಗ ತಂತಿಯ ಮೇಲೆ ನೀಲಿ ಕಿಡಿ ಹರಿದಾಡುವುದು ಕಂಡರೆ ತಂತಿ ಬದಲಿಸಬೇಕು.

ಹಂತ 6: ಇಂಜೆಕ್ಟರ್

ಮೇಲಿನವೆಲ್ಲ ಸರಿಯಿದ್ದರೆ ಮಾತ್ರ ಇಂಜೆಕ್ಟರ್ ಕಡೆ ಬನ್ನಿ. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಕೆಗೆ ಕಿವಿ ಕೊಟ್ಟರೆ ಟಿಕ್ ಟಿಕ್ ಸದ್ದು ಕೇಳಬೇಕು. ಈ ಕಾರುಗಳ ಇಂಜೆಕ್ಟರ್‌ಗಳ ರೋಧ ಸಾಮಾನ್ಯವಾಗಿ 12ರಿಂದ 16 ಓಮ್.

ಇಂಜೆಕ್ಟರ್‌ನ ಬಾಯಿ ಸರಿಯಾಗಿ ಮುಚ್ಚದಿದ್ದರೆ ರಾತ್ರಿ ಪೆಟ್ರೋಲ್ ಹನಿಹನಿಯಾಗಿ ಒಳಗೆ ಸೋರುತ್ತದೆ. ಬೆಳಿಗ್ಗೆ ಆ ಸಿಲಿಂಡರ್ ಉಸಿರು ಕಟ್ಟಿದಂತಾಗಿ ಸ್ಟಾರ್ಟ್ ಆಗಲು ತಡವಾಗುತ್ತದೆ. ನಾಲ್ಕರಲ್ಲಿ ಒಂದೇ ಪ್ಲಗ್ ಒದ್ದೆಯಾಗಿದ್ದರೆ ಅದೇ ಸಿಲಿಂಡರ್‌ನ ಇಂಜೆಕ್ಟರ್ ಮೇಲೆ ಅನುಮಾನ ಪಡಬಹುದು. ಇಂಜೆಕ್ಟರ್‌ಗಳನ್ನು ಬಿಚ್ಚಿ ಯಂತ್ರದಲ್ಲಿಟ್ಟು ಶುಚಿಗೊಳಿಸಿ ಸೋರಿಕೆ ಪರೀಕ್ಷಿಸುವ ಸೌಲಭ್ಯ ದೊಡ್ಡ ಊರುಗಳ ಗ್ಯಾರೇಜುಗಳಲ್ಲಿದೆ. ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿಸಿ.

ಎಂಜಿನ್ ತುಂಬಾ ಹಳೆಯದಾಗಿ ಕಂಪ್ರೆಷನ್ ಇಳಿದಿದ್ದರೂ ಬೆಳಿಗ್ಗೆ ಸ್ಟಾರ್ಟ್ ಕಷ್ಟ. ಆದರೆ ಆಗ ನೀಲಿ ಹೊಗೆ, ಎಂಜಿನ್ ಆಯಿಲ್ ಕಡಿಮೆಯಾಗುವುದು ಮುಂತಾದ ಲಕ್ಷಣಗಳೂ ಸಾಮಾನ್ಯವಾಗಿ ಜೊತೆಗಿರುತ್ತವೆ.

ಎಥನಾಲ್ ಬೆರೆತ ಪೆಟ್ರೋಲ್‌ನ ಪಾತ್ರವೇನು?

ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಪ್ರಮಾಣ 2022ರ ಜೂನ್ ವೇಳೆಗೆ ದೇಶದಲ್ಲಿ ಸರಾಸರಿ ಶೇ 10ಕ್ಕೆ ತಲುಪಿತು. ಶೇ 20 ಎಥನಾಲ್ ಇರುವ ಇ20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ನರೇಂದ್ರ ಮೋದಿ ಅವರು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ನೀಡಿದರು. 2025ರಲ್ಲಿ ಅದು ದೇಶವ್ಯಾಪಿಯಾಯಿತು. ಹಳೆಯ ಕಾರುಗಳನ್ನು ಈ ಇಂಧನಕ್ಕಾಗಿ ವಿನ್ಯಾಸ ಮಾಡಿರಲಿಲ್ಲ.

ಬೆಳಗಿನ ತೊಂದರೆಗೆಲ್ಲ ಎಥನಾಲ್ ಕಾರಣವೆನ್ನುವುದು ಅತಿಶಯೋಕ್ತಿ. ಆದರೂ ಅದರ ಪ್ರಭಾವ ಮೂರು ಬಗೆಯಲ್ಲಿದೆ. ಒಂದು, ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಬೇಕು. ಅಲ್ಲದೆ ಅದು ಉರಿಯಲು ಬೇಕಾದ ಗಾಳಿ ಕಡಿಮೆ. ಹಳೆಯ ಲೆಕ್ಕದಂತೆ ಇಸಿಯು ಚಿಮ್ಮಿಸುವ ಇಂಧನ ಆ ಮೊದಲ ನಿಮಿಷಗಳಲ್ಲಿ ಸ್ವಲ್ಪ ಸಾಲದಾಗುತ್ತದೆ. ಆರೋಗ್ಯವಂತ ಎಂಜಿನ್ ಇದನ್ನು ಸಹಿಸಿಕೊಳ್ಳುತ್ತದೆ; ಮೊದಲೇ ಸೆನ್ಸರ್ ಅಥವಾ ಒತ್ತಡದ ದೋಷವಿದ್ದರೆ ಅದು ಎದ್ದು ಕಾಣುತ್ತದೆ. ಎರಡು, ಎಥನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರ್‌ಗೆ ತಂದು ಹಾಕಬಹುದು. ಹಳೆಯ ರಬ್ಬರ್ ನಳಿಗೆ, ಸೀಲುಗಳನ್ನು ಉಬ್ಬಿಸಬಹುದು. ಮೂರು, ಅದು ನೀರು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ. ಪಂಪು ಮೊದಲು ಎಳೆಯುವುದು ಅದನ್ನೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕ್ ತುಂಬಿಸಿಡುವುದು, ಮುಚ್ಚಳದ ರಬ್ಬರ್ ಪರೀಕ್ಷಿಸುವುದು ಕ್ಷೇಮ.

ಇನ್ನೂ ಹಳೆಯ ಇಂಜೆಕ್ಷನ್ ಕಾರುಗಳು

1970 ಮತ್ತು 80ರ ದಶಕದ ಆಮದು ಕಾರುಗಳನ್ನು ಇಟ್ಟುಕೊಂಡಿರುವ ಹವ್ಯಾಸಿಗಳಿಗೆ ಒಂದು ಮಾತು. ಬಾಷ್ ಕಂಪನಿ 1973ರಲ್ಲಿ ಪರಿಚಯಿಸಿದ ಕೆ-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಬೆಳಗಿನ ಹೆಚ್ಚುವರಿ ಪೆಟ್ರೋಲ್‌ಗೆಂದೇ ಪ್ರತ್ಯೇಕ ಇಂಜೆಕ್ಟರ್ ಇದೆ. ಅದನ್ನು ಎಷ್ಟು ಸೆಕೆಂಡ್ ತೆರೆದಿಡಬೇಕೆಂದು ನಿರ್ಧರಿಸುವುದು ಎಂಜಿನ್‌ಗೆ ಜೋಡಿಸಿದ ಥರ್ಮೋ-ಟೈಮ್ ಸ್ವಿಚ್. ಇಂಥ ಕಾರು ತಣ್ಣಗಿದ್ದಾಗ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುವಾಗ ಆ ಇಂಜೆಕ್ಟರ್‌ಗೆ ವಿದ್ಯುತ್ ಬರುತ್ತಿದೆಯೇ ನೋಡಬೇಕು. ಬಿಸಿಯಾದ ಮೇಲೂ ಅದು ಸೋರುತ್ತಿದ್ದರೆ ಮೈಲೇಜ್ ಕುಸಿದು ಕಪ್ಪು ಹೊಗೆ ಬರುತ್ತದೆ. ಬಿಸಿಯಾಗುವ ಹೊತ್ತಿನ ಇಂಧನ ನೋಡಿಕೊಳ್ಳಲು ವಾರ್ಮ್-ಅಪ್ ರೆಗ್ಯುಲೇಟರ್ ಬೇರೆಯೇ ಇದೆ.

ಮಾಡಬಾರದ ಕೆಲಸಗಳು

* ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರ್ ಪದೇ ಪದೇ ತುಳಿಯಬೇಡಿ. ಅದು ಕಾರ್ಬ್ಯುರೇಟರ್ ಕಾಲದ ರೂಢಿ, ಇಲ್ಲಿ ಪ್ರಯೋಜನವಿಲ್ಲ.
* ಸೆಲ್ಫ್ ಹತ್ತು ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡುವು ಕೊಡಿ.
* ಪೆಟ್ರೋಲ್ ತುಂಬಿ ಉಸಿರು ಕಟ್ಟಿದೆ ಎನಿಸಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಆಗ ಬಹುಪಾಲು ಎಂಪಿಎಫ್‌ಐ ಕಾರುಗಳಲ್ಲಿ ಇಸಿಯು ಇಂಜೆಕ್ಟರ್ ಮುಚ್ಚುತ್ತದೆ. ಒಳಗಿನ ಪೆಟ್ರೋಲ್ ಒಣಗುತ್ತದೆ.
* ದಿನವೂ ತಳ್ಳಿ ಸ್ಟಾರ್ಟ್ ಮಾಡಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಉರಿದರೆ ಅದು ಹಾಳಾಗುತ್ತದೆ. ಅದರ ಬೆಲೆ ದುಬಾರಿ.
* ಪೆಟ್ರೋಲ್ ನಳಿಗೆಯನ್ನು ಒತ್ತಡ ಇಳಿಸದೆ ಕಳಚಬೇಡಿ. ಪಂಪಿನ ಫ್ಯೂಸು ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಒತ್ತಡ ಇಳಿಯುತ್ತದೆ. ಬಳಿಯಲ್ಲಿ ಬೆಂಕಿ, ಬೀಡಿ, ಕಿಡಿ ಯಾವುದೂ ಇರಬಾರದು.
* ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ.

ಮಾಲಿನ್ಯ ತಪಾಸಣೆಯೂ ಒಂದು ಸುಳಿವು

ಹೊಗೆ ತಪಾಸಣೆಯ ಚೀಟಿಯನ್ನು ಎಸೆಯಬೇಡಿ. ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರುಗಳಿಗೆ ಐಡಲ್ ವೇಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.5, ಬಿಎಸ್-4 ಕಾರುಗಳಿಗೆ ಶೇ 0.3. ಎಂಜಿನ್ ಬಿಸಿಯಾಗಿದ್ದಾಗಲೂ ಅಂಕಿ ಮಿತಿಯ ಹತ್ತಿರವಿದ್ದರೆ ಇಂಧನ ಹೆಚ್ಚಾಗಿ ಹೋಗುತ್ತಿರುವ ಸಂಶಯ ಬಲವಾಗುತ್ತದೆ. ಥರ್ಮೋಸ್ಟ್ಯಾಟ್ ತೆರೆದೇ ಉಳಿದು ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೂ ಹೀಗಾಗಬಹುದು.

ಗ್ಯಾರೇಜಿಗೆ ಹೋಗುವಾಗ

ಎಷ್ಟು ಗಂಟೆ ಕಾರು ನಿಂತಿತ್ತು, ಎಷ್ಟು ಬಾರಿ ಸೆಲ್ಫ್ ಹೊಡೆಯಬೇಕಾಯಿತು, ಕೀಲಿ ಆನ್-ಆಫ್ ಮಾಡಿದರೆ ವ್ಯತ್ಯಾಸವಾಯಿತೇ, ಹೊಗೆಯ ಬಣ್ಣವೇನು, ಪ್ಲಗ್ ಒದ್ದೆಯೋ ಒಣಗಿತ್ತೋ ಎಂಬ ಐದು ವಿಷಯಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಕಾರನ್ನು ಸಂಜೆ ಬಿಟ್ಟು ಬನ್ನಿ. ಯಾವ ಭಾಗ ಬದಲಿಸಬೇಕೆಂದು ಹೇಳಿದರೂ 'ಅದು ಕೆಟ್ಟಿದೆ ಎಂದು ಯಾವ ಅಳತೆಯಿಂದ ಗೊತ್ತಾಯಿತು?' ಎಂದು ವಿನಯದಿಂದ ಕೇಳಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಪಡೆಯಿರಿ.

ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಬ್ಯಾಟರಿ, ಅರ್ತ್ ಮತ್ತು ಸೆನ್ಸರ್‌ನ ಪರೀಕ್ಷೆಗೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಎಂಜಿನ್ ಇನ್ನೂ ತಣ್ಣಗಿರುವ ಅರ್ಧ ಗಂಟೆ. ಹಳೆಯ ಕಾರನ್ನು ಮಾರಿಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬ ತೀರ್ಮಾನ ಆ ಅರ್ಧ ಗಂಟೆಯ ನಂತರ ಆಗಲಿ.